ಹದಿನಾರು ವರ್ಷದವರ ಪಾಳಿ

ಎಂಟು ಗಂಟೆಯ ಪಾಳಿ ಯಾವ ಧಣಿಯೂ ಕರುಣೆ ಬಂದು ಕೊಟ್ಟದ್ದಲ್ಲ. ನಮ್ಮ ಓದುಗರಲ್ಲಿ ಗಿರಣಿಯಲ್ಲಿ, ಕಾಫಿ ಕ್ಯೂರಿಂಗಿನಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1922ರ ಕಾನೂನಿನಲ್ಲಿ ವಾರಕ್ಕೆ 60 ಗಂಟೆ ಇದ್ದದ್ದು, ವರ್ಷವಿಡೀ ನಡೆಯುವ ಕಾರ್ಖಾನೆಗಳಲ್ಲಿ 1934ರಲ್ಲಿ 54 ಆಯಿತು. 1946ರಲ್ಲಿ 48 ಆಯಿತು. 1948ರ ಕಾರ್ಖಾನೆ ಕಾಯಿದೆ ಅದನ್ನು ಗಟ್ಟಿ ಮಾಡಿತು. ಇಪ್ಪತ್ತನಾಲ್ಕು ವರ್ಷ ಬಡಿದಾಡಿ ದುಡಿಯುವ ಜನ ವಾರಕ್ಕೆ ಹನ್ನೆರಡು ಗಂಟೆಯನ್ನು ತಮ್ಮದಾಗಿ ಉಳಿಸಿಕೊಂಡರು. ಅದೇ 1948ರ ಕಾಯಿದೆ, ಹದಿನೈದು ತುಂಬದ ಮಗುವನ್ನು ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ದುಡಿಸಕೂಡದೆಂದಿತು. ಆಮೇಲಿನ ತಿದ್ದುಪಡಿಯೊಂದು, ಹದಿನೇಳು ತುಂಬದ ಹುಡುಗನನ್ನೂ ಹದಿನೆಂಟು ತುಂಬದ ಹುಡುಗಿಯನ್ನೂ ಬೆಳಿಗ್ಗೆ ಆರಕ್ಕೆ ಮೊದಲು, ಸಂಜೆ ಏಳರ ಮೇಲೆ ಕಾರ್ಖಾನೆಯೊಳಗೆ ನಿಲ್ಲಿಸಿಕೊಳ್ಳಕೂಡದೆಂದು ಕಟ್ಟುಮಾಡಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಬಂದು ಆ ಹಳೆಯ ಕಾಯಿದೆಯ ಆಯುಷ್ಯ ಮುಗಿಯಿತು. ಆ ಮಾತು ಬೇರೆ, ಅದನ್ನು ಇನ್ನೊಂದು ವಾರ ಆಡೋಣ.

ಇವತ್ತು ನಾವು ಕೇಳುವುದು ಇಷ್ಟೇ: ಹದಿನಾರು ವರ್ಷದ ಮಗುವನ್ನು ಗಿರಣಿಯಲ್ಲಿ ಸಂಜೆ ಏಳರ ಮೇಲೆ ನಿಲ್ಲಿಸುವುದು ಅಪರಾಧವೆಂದು ಒಪ್ಪಿದ ನಾಡಿನಲ್ಲಿ, ಅದೇ ಮಗು ಕಾಲೇಜು ಸೇರುವ ಆಸೆಗಾಗಿ ರಾತ್ರಿ ಎಂಟಕ್ಕೆ ಮನೆ ಸೇರುವುದು ಹೇಗೆ ಮಾಮೂಲಾಯಿತು?

ಬೆಳಗೋಡು ಹೋಬಳಿಯ ಒಳಗಿನ ಒಂದು ಹಳ್ಳಿಯಿಂದಲೋ ತೋಟದ ಲೈನಿನಿಂದಲೋ ಸಕಲೇಶಪುರಕ್ಕೆ ಪಿಯುಸಿ ವಿಜ್ಞಾನ ಓದಲು ಹೋಗುವ ಒಬ್ಬ ಹುಡುಗಿಯನ್ನು ಲೆಕ್ಕಕ್ಕೆಂದು ತೆಗೆದುಕೊಳ್ಳೋಣ. ಹೆಸರು ಬೇಡ. ಇಂಥವರು ಹೋಬಳಿಯಲ್ಲೂ, ಪಕ್ಕದ ಆಲೂರು ಸೀಮೆಯಲ್ಲೂ ಒಬ್ಬಿಬ್ಬರಲ್ಲ. ಐದಕ್ಕೆ ಏಳುತ್ತಾಳೆ. ಆರಕ್ಕೆ ಮನೆ ಬಿಡುತ್ತಾಳೆ, ಏಕೆಂದರೆ ಆ ಬಸ್ಸು ತಪ್ಪಿದರೆ ಮುಂದಿನದು ಉಪಯೋಗಕ್ಕೆ ಬರುವ ಹೊತ್ತಿಗೆ ಬರುವುದಿಲ್ಲ. ಏಳೂವರೆಯಿಂದ ಒಂಬತ್ತರವರೆಗೆ ಪೇಟೆಯಲ್ಲಿ ಗಣಿತದ ಟ್ಯೂಷನ್ನು. ಒಂಬತ್ತೂವರೆಯಿಂದ ನಾಲ್ಕರವರೆಗೆ ಕಾಲೇಜು. ನಾಲ್ಕೂವರೆಯಿಂದ ಆರೂವರೆಯವರೆಗೆ ಮತ್ತೆ ಟ್ಯೂಷನ್ನು, ಈ ಸಲ ಭೌತಶಾಸ್ತ್ರ. ಬಸ್ ಸ್ಟ್ಯಾಂಡಿನಲ್ಲಿ ಕಾದು, ಬಸ್ಸು ಹಿಡಿದು, ಇಳಿದು, ಕತ್ತಲಲ್ಲಿ ನಡೆದು ಮನೆ ಸೇರುವಾಗ ಎಂಟು. ಹದಿನಾಲ್ಕು ಗಂಟೆಯ ಪಾಳಿ. ವಾರಕ್ಕೆ ಆರು ದಿನವೆಂದರೆ 84 ಗಂಟೆ. ಮನೆಗೆ ಬಂದ ಮೇಲಿನ ಬರೆಹ, ಭಾನುವಾರದ ಪರೀಕ್ಷೆ, ಇವೆರಡನ್ನೂ ನಾವು ಕೂಡಿಸಿಲ್ಲ. ಅವಳ ಅಪ್ಪನ ಪಾಳಿ 48.

ಈ ಹದಿನಾಲ್ಕು ಗಂಟೆಯಲ್ಲಿ ಅವಳು ಕಾಲೇಜಿನೊಳಗೆ ಇದ್ದದ್ದು ಆರೂವರೆ ಗಂಟೆ. ಉಳಿದ ಏಳೂವರೆ ಗಂಟೆ ಬಸ್ಸಿಗೆ, ಬಸ್ಸು ಕಾಯುವುದಕ್ಕೆ, ಟ್ಯೂಷನ್ನಿಗೆ. ಓದುಗರು ಈ ಲೆಕ್ಕವನ್ನು ದಯವಿಟ್ಟು ಮನಸ್ಸಿನಲ್ಲಿಡಬೇಕು. ವೇಳಾಪಟ್ಟಿಯ ಮೇಲೆ ಹೊರೆ ಹೆಚ್ಚಾಯಿತು, ಪಾಠಗಳನ್ನು ಕಡಿಮೆ ಮಾಡಿ ಎಂದು ಕೂಗುವವರು ಈಗ ಬಹಳ ಮಂದಿ. ಆದರೆ ಹೊರೆ ಹೆಚ್ಚಾದದ್ದು ಕಾಲೇಜಿನ ಗಂಟೆ ಹೊಡೆದ ಮೇಲೆ, ಕಾಲೇಜಿನ ಕಾಂಪೌಂಡಿನ ಆಚೆ.

ಕಾಲೇಜಿಗೆ ಕಾಲಿಡದ ತಂದೆತಾಯಿಗಳಿಗಾಗಿ ಈ ಪಿಯುಸಿಯ ಲೆಕ್ಕವನ್ನು ಸ್ವಲ್ಪ ಬಿಡಿಸೋಣ. ಹತ್ತನೆಯ ತರಗತಿಯವರೆಗೆ ಆರಿಸಿಕೊಳ್ಳುವ ಮಾತು ಹೆಚ್ಚಿಲ್ಲ. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ, ಒಟ್ಟು 625 ಅಂಕ. ಪಿಯುಸಿಗೆ ಬಂದೊಡನೆ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ನೂರಕ್ಕೆ 30 ಅಂಕ ಪ್ರಯೋಗಶಾಲೆಯದು, 70 ಬರೆಯುವ ಪರೀಕ್ಷೆಯದು. ಹಾಜರಿ ನೂರಕ್ಕೆ 75 ಇರಲೇಬೇಕು. ಇದಿಷ್ಟೇ ಆಗಿದ್ದರೆ ಆರೂವರೆ ಗಂಟೆಯ ದಿನದಲ್ಲಿ ಒಬ್ಬ ಸಾಧಾರಣ ಬುದ್ಧಿಯ, ಶ್ರದ್ಧೆಯ ಹುಡುಗಿ ಇದನ್ನು ಸಲೀಸಾಗಿ ಮುಗಿಸಬಹುದಿತ್ತು. ಇದರ ಮೇಲೆ ಇನ್ನೊಂದು ಪರೀಕ್ಷೆ ಬಂದು ಕೂತಿದೆ. ಇಂಜಿನಿಯರಿಂಗಿಗೆ ಸಿಇಟಿ, ರ‍್ಯಾಂಕು ಕಟ್ಟುವಾಗ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಕ್ಕೆ ಅರ್ಧ ತೂಕ, ಸಿಇಟಿಯ ಅಂಕಕ್ಕೆ ಅರ್ಧ. ವೈದ್ಯಕೀಯಕ್ಕೆ ಇಡೀ ದೇಶಕ್ಕೆ ಒಂದೇ ನೀಟ್. 720 ಅಂಕದ ಆ ಒಂದು ಮಧ್ಯಾಹ್ನವೇ ಎಲ್ಲ. ಮಾರ್ಚಿನಲ್ಲಿ ಪಿಯುಸಿ, ಏಪ್ರಿಲಿನಲ್ಲಿ ಸಿಇಟಿ, ಮೇ ತಿಂಗಳಲ್ಲಿ ನೀಟ್. ಒಂದೇ ಪಾಠವನ್ನು ಮೂರು ಬಗೆಯಲ್ಲಿ ಕೇಳುವ ಮೂರು ಪರೀಕ್ಷೆ.

ಕಾಲೇಜಿನ ವೇಳಾಪಟ್ಟಿ ಇವುಗಳಲ್ಲಿ ಮೊದಲನೆಯದನ್ನು ಮಾತ್ರ ಬಲ್ಲದು. ಉಳಿದ ಎರಡಕ್ಕೆ ಸರ್ಕಾರ ಪರೀಕ್ಷೆ ಇಟ್ಟಿದೆ, ಪಾಠ ಇಟ್ಟಿಲ್ಲ. ಪಾಠವನ್ನು ಪೇಟೆಯಲ್ಲಿ ಕೊಂಡುಕೊಳ್ಳಿ ಎಂದು ಬಿಟ್ಟಿದೆ. ಅಕ್ಕಿಯನ್ನು ಅಳೆಯುವ ಸೇರು ಸರ್ಕಾರದ್ದು, ಅಕ್ಕಿ ಮಾತ್ರ ಸಾಹುಕಾರನದು!

ಉಳ್ಳವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ಘಟ್ಟದ ಕೆಳಗಿನ, ಬೆಂಗಳೂರಿನ ವಸತಿ ಕಾಲೇಜುಗಳಲ್ಲಿ ಲಕ್ಷ ಮೀರಿದ ಹಣ ಕಟ್ಟಿದರೆ ಕಾಲೇಜೂ ಕೋಚಿಂಗೂ ಒಂದೇ ಸೂರಿನಡಿ, ಒಂದೇ ವೇಳಾಪಟ್ಟಿಯಲ್ಲಿ ಸಿಗುತ್ತವೆ. ಅಲ್ಲಿ ಬಸ್ಸು ಕಾಯುವುದಿಲ್ಲ, ಮಳೆಯಲ್ಲಿ ನೆನೆಯುವುದಿಲ್ಲ. ಹಾಗೆಂದು ಅಲ್ಲಿನ ಮಕ್ಕಳು ಸುಖವಾಗಿದ್ದಾರೆಂದು ನಾವು ಹೇಳಲಾರೆವು. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಮಕ್ಕಳನ್ನು ಬೆಂಚಿಗೆ ಕಟ್ಟಿಹಾಕುವ ಕಡೆಗಳಲ್ಲಿ ಏನಾಗುತ್ತದೆಂಬುದನ್ನು ನಮ್ಮ ಓದುಗರಲ್ಲೇ ಸಾಲ ಮಾಡಿ ಮಗನನ್ನು ಕಳಿಸಿ, ದಸರೆಗೆ ವಾಪಸು ಕರೆತಂದವರು ಬಲ್ಲರು. ಅಂಥ ಕಾರ್ಖಾನೆಯನ್ನು ಬೆಳಗೋಡಿಗೂ ತನ್ನಿ ಎಂದು ನಾವು ಕೇಳುತ್ತಿಲ್ಲ. ಆದರೆ ಒಂದು ಮಾತನ್ನು ಅವರಿಂದ ಕಲಿಯಬೇಕು: ಪರೀಕ್ಷೆಗೆ ಬೇಕಾದ ಪಾಠವನ್ನು ವೇಳಾಪಟ್ಟಿಯ ಒಳಗೇ ಇಟ್ಟಿದ್ದಾರೆ.

ವೇಳಾಪಟ್ಟಿ ಇಕ್ಕಟ್ಟಾದಾಗ ಮೊದಲು ಕೈಬಿಡುವುದು ಭಾಷೆಯ ಪೀರಿಯಡ್ಡನ್ನು. ಕನ್ನಡ ರ‍್ಯಾಂಕಿಗೆ ಸೇರುವುದಿಲ್ಲ, ಇಂಗ್ಲಿಷು ಸೇರುವುದಿಲ್ಲ, ಆ ಹೊತ್ತಿನಲ್ಲಿ ಇನ್ನೊಂದು ಲೆಕ್ಕ ಬಿಡಿಸಲಿ ಎಂಬುದು ವ್ಯಾಪಾರಿ ಬುದ್ಧಿಯ ಮಾತು. ನಮ್ಮ ಸಣ್ಣ ವ್ಯಾಪಾರಿ ಬಂಧುಗಳು ಕ್ಷಮಿಸಬೇಕು. ಇದು ಅವರ ಬುದ್ಧಿಯಲ್ಲ, ಅವರು ತಕ್ಕಡಿಯ ಎರಡು ತಟ್ಟೆಯನ್ನೂ ನೋಡುವವರು. ನೀಟ್ ಬರೆಯಲು ಅರ್ಹತೆಯೇನೆಂದು ನೋಡಿದರೆ ಭೌತ, ರಸಾಯನ, ಜೀವಶಾಸ್ತ್ರದ ಜೊತೆಗೆ ಇಂಗ್ಲಿಷಿನಲ್ಲೂ ಪಾಸಾಗಿರಬೇಕೆಂದು ಬರೆದಿದೆ. ಇಂಜಿನಿಯರಿಂಗಿಗೆ ಭೌತ, ರಸಾಯನ, ಗಣಿತದಲ್ಲಿ ನೂರಕ್ಕೆ 45, ಮೀಸಲು ವರ್ಗದವರಿಗೆ 40 ಬಂದಿರಬೇಕು. ಎಲ್ಲಕ್ಕೂ ಮೊದಲು ಪಿಯುಸಿಯೇ ಪಾಸಾಗಬೇಕಲ್ಲ? ಕನ್ನಡದಲ್ಲಿ ನಪಾಸಾದವನ ಸಿಇಟಿ ರ‍್ಯಾಂಕು ಗೋಡೆಗೆ ಅಂಟಿಸಲು ಆದೀತು. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲೇ ಕಲಿತು ಬಂದ ಮಗುವಿಗೆ, ಸಂಸ್ಕೃತ ತೆಗೆದುಕೋ, ನೂರಕ್ಕೆ ನೂರು ಬೀಳುತ್ತದೆ ಎಂದು ಸಲಹೆ ಕೊಡುವ ಮೇಷ್ಟ್ರುಗಳೂ ಇದ್ದಾರೆ. ಸಂಸ್ಕೃತದ ಮೇಲೆ ನಮಗೆ ಸಿಟ್ಟಿಲ್ಲ, ಪ್ರೀತಿಯಿಂದ ಓದುವವರು ಓದಲಿ. ಅಂಕಕ್ಕಾಗಿ ಓದಿ ಮರುದಿನ ಮರೆಯುವುದು ಸಂಸ್ಕೃತಕ್ಕೂ ಮರ್ಯಾದೆಯಲ್ಲ.

ಭಾಷೆಯ ಪೀರಿಯಡ್ಡು ಬೇಕೆಂದು ನಾವು ಹೇಳುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ. ಎಸ್ಸೆಸ್ಸೆಲ್ಸಿಯವರೆಗೆ ‘ವೇಗೋತ್ಕರ್ಷ’ ಎಂದು ಓದಿದ ಮಗುವಿನ ಮುಂದೆ ಪ್ರಥಮ ಪಿಯುಸಿಯ ಮೊದಲ ವಾರ ‘ಆಕ್ಸಲರೇಷನ್’ ಬಂದು ನಿಲ್ಲುತ್ತದೆ. ‘ದ್ಯುತಿಸಂಶ್ಲೇಷಣೆ’ ಹೋಗಿ ‘ಫೋಟೋಸಿಂಥಸಿಸ್’ ಆಗುತ್ತದೆ. ಗೊತ್ತಿರುವ ವಿಷಯವೇ ಗೊತ್ತಿಲ್ಲದ್ದಾಗಿ, ಕ್ಲಾಸಿನಲ್ಲಿ ಎದ್ದು ಕೇಳಲು ನಾಚಿಕೆಯಾಗಿ, ಬುದ್ಧಿವಂತ ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ಜೂನ್, ಜುಲೈ, ಆಗಸ್ಟ್ ಹೀಗೇ ಹೋಗುತ್ತವೆ. ಆ ಮಗು ಟ್ಯೂಷನ್ನಿಗೆ ಓಡುವುದು ಹೆಚ್ಚಿನ ಜ್ಞಾನಕ್ಕಲ್ಲ, ಈ ಮೂರು ತಿಂಗಳ ನಷ್ಟ ತುಂಬಿಕೊಳ್ಳುವುದಕ್ಕೆ. ಇಂಗ್ಲಿಷ್ ಮೇಷ್ಟ್ರು ಮತ್ತು ವಿಜ್ಞಾನದ ಮೇಷ್ಟ್ರು ಕೂತು ಮಾತಾಡಿಕೊಂಡು, ಮೊದಲ ಮೂರು ತಿಂಗಳು ದಿನಕ್ಕೊಂದು ಗಂಟೆ ಈ ಮಾತುಗಳ ಸೇತುವೆ ಕಟ್ಟಿದರೆ ಅರ್ಧ ಟ್ಯೂಷನ್ನು ತಾನಾಗಿ ನಿಲ್ಲುತ್ತದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಆಯೋಗ ಬೇಡ. ಸರ್ಕಾರದ ಒಂದು ಕೈ ಈ ಮಕ್ಕಳಿಗೆ ಸಿಇಟಿ ಸೀಟಿನಲ್ಲಿ ಗ್ರಾಮೀಣರೆಂದು ನೂರಕ್ಕೆ 15, ಕನ್ನಡ ಮಾಧ್ಯಮದವರೆಂದು ನೂರಕ್ಕೆ 5 ಮೀಸಲಿಟ್ಟಿದೆ. ಒಂದರಿಂದ ಹತ್ತರವರೆಗೆ ಹಾಗೆ ಓದಿದ್ದರೆ ಸಾಕು. ಒಳ್ಳೆಯದೇ. ಇನ್ನೊಂದು ಕೈ ಅದೇ ಮಕ್ಕಳನ್ನು ಹನ್ನೊಂದನೆಯ ವರ್ಷದಲ್ಲಿ ಭಾಷೆಯ ಹೊಳೆಗೆ ತಳ್ಳಿ ಈಜಿ ಬಾ ಎನ್ನುತ್ತದೆ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲೂ ಸಿಗುತ್ತದೆ. ಆ ಪತ್ರಿಕೆಗೆ ಬೇಕಾದ ಪಾಠವನ್ನು ಕನ್ನಡದಲ್ಲಿ ಹೇಳುವ ಕೋಚಿಂಗನ್ನು ನಮ್ಮ ಸೀಮೆಯಲ್ಲಿ ಹುಡುಕಿ ನೋಡಿ.

ಇನ್ನು ನಾಲ್ಕು ವಿಷಯಗಳ ಮಾತು. ಭೌತ, ರಸಾಯನ, ಗಣಿತ, ಜೀವ, ಈ ನಾಲ್ಕನ್ನೂ ಒಟ್ಟಿಗೆ ಹೊರುವ ಮಕ್ಕಳೇ ಹೆಚ್ಚು. ಏಕೆಂದು ಕೇಳಿದರೆ, ಡಾಕ್ಟರ ಬಾಗಿಲೂ ತೆರೆದಿರಲಿ, ಇಂಜಿನಿಯರನ ಬಾಗಿಲೂ ತೆರೆದಿರಲಿ ಎನ್ನುತ್ತಾರೆ. ಮನೆಯವರ ಭಯ ನಮಗೆ ಅರ್ಥವಾಗುತ್ತದೆ. ಒಂದೇ ಮಗು, ಒಂದೇ ಸಲದ ಹಣ, ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಆದರೆ ಎರಡು ಬಾಗಿಲನ್ನೂ ಹಿಡಿದು ನಿಂತವಳಿಗೆ ಯಾವ ಬಾಗಿಲೊಳಗೂ ನುಗ್ಗಲು ಕೈ ಬಿಡುವಿರುವುದಿಲ್ಲ. ವೈದ್ಯಕೀಯಕ್ಕೆ ಗಣಿತ ಬೇಡ. ಇಂಜಿನಿಯರಿಂಗಿಗೆ ಭೌತವೂ ಗಣಿತವೂ ಕಡ್ಡಾಯ. ಮೂರನೆಯದು ರಸಾಯನವೋ ಕಂಪ್ಯೂಟರೋ ಎಲೆಕ್ಟ್ರಾನಿಕ್ಸೋ ಆಗಬಹುದು, ಜೀವಶಾಸ್ತ್ರವೇ ಬೇಕೆಂದಿಲ್ಲ. ಜೀವಶಾಸ್ತ್ರ ಬಿಟ್ಟವರಿಗೆ ಡಾಕ್ಟರ ದಾರಿ ಶಾಶ್ವತವಾಗಿ ಮುಚ್ಚಿತೆಂಬ ಮಾತೂ ಈಗ ನಿಜವಲ್ಲ. ಹನ್ನೆರಡನೆಯ ತರಗತಿ ಮುಗಿದ ಮೇಲೆ ಹೆಚ್ಚುವರಿ ವಿಷಯವಾಗಿ ಜೀವಶಾಸ್ತ್ರ ಪಾಸು ಮಾಡಿಕೊಂಡವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಹೇಳಿದೆ. ಮೇ ತಿಂಗಳಲ್ಲಿ ಅರ್ಜಿ ತುಂಬುವಾಗ ನೆರೆಮನೆಯವನ ಮಗ ಏನು ತೆಗೆದುಕೊಂಡನೆಂದು ನೋಡುವ ಬದಲು, ಮಗುವಿಗೆ ರೋಗಿಯ ರಕ್ತ ಕಂಡರೆ ತಲೆ ತಿರುಗುತ್ತದೆಯೋ, ಲೆಕ್ಕ ಕಂಡರೆ ಜ್ವರ ಬರುತ್ತದೆಯೋ ಎಂದು ಒಂದು ಮಾತು ಕೇಳಿದರೆ ವಾರಕ್ಕೆ ಹತ್ತಾರು ಗಂಟೆ ಉಳಿದೀತು. ಕಾಮರ್ಸ್, ಕಲೆ ಓದುವುದು ಸೋಲಲ್ಲವೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅಂಗಡಿ ನಡೆಸುವವರ ಮಕ್ಕಳು ಕಾಮರ್ಸ್ ಓದಲು ಹಿಂಜರಿಯುವುದು ನಮಗೆ ವಿಚಿತ್ರವಾಗಿ ಕಾಣುತ್ತದೆ.

ಊರಿನವರ ವೇಳಾಪಟ್ಟಿಗೂ ಮಲೆನಾಡಿನ ವೇಳಾಪಟ್ಟಿಗೂ ಹೋಲಿಕೆಯೇ ಇಲ್ಲ. ವರ್ಷ ಶುರುವಾಗುವ ಜೂನಿನಲ್ಲೇ ಮಳೆ ಶುರು. ಸಕಲೇಶಪುರ, ಆಲೂರು ತಾಲ್ಲೂಕುಗಳಿಗೆ ಜಿಲ್ಲಾಧಿಕಾರಿಗಳು ರಜೆ ಸಾರುವ ದಿನಗಳು ಜುಲೈಯಲ್ಲಿ ಬರುತ್ತಲೇ ಇರುತ್ತವೆ. 2024ರ ಜುಲೈನಲ್ಲಿ ದೊಡ್ಡತಪ್ಪಲಿನ ಬಳಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗ, ಘಟ್ಟದ ರೈಲು ಹಳಿಯಡಿ ಮಣ್ಣು ಜಾರಿದಾಗ, ಇಡೀ ದೇಶದ ಪತ್ರಿಕೆಗಳು ನಿಂತ ಲಾರಿಗಳ ಚಿತ್ರ ಹಾಕಿದವು. ನಿಂತ ಪಾಠಗಳ ಚಿತ್ರವನ್ನು ಯಾರೂ ಹಾಕಲಿಲ್ಲ. ಮಳೆ ರಜೆಯ ಪಾಠ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರವೆಂದು ಬೇರೆ ದಿನಗಳ ಮೇಲೆ ಬೀಳುತ್ತದೆ. ಆ ಭಾನುವಾರ ಹಳ್ಳಿಯ ಬಸ್ಸು ಬರುತ್ತದೆಯೇ ಎಂದು ಕೇಳುವವರಿಲ್ಲ. ಮಳೆ ಮುಗಿಯಿತೆನ್ನುವಾಗ ನವೆಂಬರಿನಿಂದ ಕಾಫಿ ಕೊಯ್ಲು. ಅರೇಬಿಕಾ ಮುಗಿಯುವ ಹೊತ್ತಿಗೆ ರೋಬಸ್ಟಾ. ಲೈನಿನ ಮನೆಗಳಲ್ಲಿ ವರ್ಷದಲ್ಲೇ ಹೆಚ್ಚು ಕೂಲಿ ಕೈಗೆ ಬರುವ ತಿಂಗಳುಗಳು ಇವು. ಅಪ್ಪ ಅಮ್ಮ ಇಬ್ಬರೂ ಕೊಯ್ಲಿಗೆ ಹೋದ ಮೇಲೆ ಅಡಿಗೆ, ತಮ್ಮ ತಂಗಿಯರ ಯೋಗಕ್ಷೇಮ ಯಾರದು? ಪಿಯುಸಿ ಓದುವ ಹುಡುಗಿಯದು. ದ್ವಿತೀಯ ಪಿಯುಸಿಯ ಪ್ರಯೋಗಪರೀಕ್ಷೆಯ ತಯಾರಿ, ಮುಖ್ಯ ಪರೀಕ್ಷೆಗೆ ಮೊದಲ ಪರೀಕ್ಷೆ ಎಲ್ಲವೂ ಬೀಳುವುದು ಈ ತಿಂಗಳುಗಳಲ್ಲೇ. ವೇಳಾಪಟ್ಟಿ ಮಾಡಿದವರಿಗೆ ಕಾಫಿ ಗೊತ್ತು, ಲೋಟದಲ್ಲಿ ಮಾತ್ರ.

ಆನೆಯ ಮಾತನ್ನೂ ಹೇಳಬೇಕು. ಬೆಳಿಗ್ಗೆ ಆರಕ್ಕೆ, ಸಂಜೆ ಏಳೆಂಟಕ್ಕೆ ತೋಟದ ದಾರಿಯಲ್ಲಿ ನಡೆಯುವುದೆಂದರೆ ಏನೆಂದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆನೆ ಓಡಾಟದ ಸುದ್ದಿ ಬಂದ ದಿನ ಕೂಲಿಯವರು ತಡವಾಗಿ ಕೆಲಸಕ್ಕೆ ಇಳಿಯುತ್ತಾರೆ, ತೋಟದ ರೈಟರು ಸುಮ್ಮನಿರುತ್ತಾನೆ. ಟ್ಯೂಷನ್ನಿಗೆ ತಡವಾದರೆ ಆ ದಿನದ ಪಾಠ ಹೋಯಿತು, ಕೊಟ್ಟ ಹಣವೂ ಹೋಯಿತು. ಕಾಲೇಜಿನ ಹೊತ್ತಿನಲ್ಲೇ ಪಾಠ ನಡೆದರೆ ಮಗು ಬೆಳಕಿನಲ್ಲಿ ಹೊರಟು ಬೆಳಕಿನಲ್ಲಿ ಮನೆ ಸೇರುತ್ತದೆ. ಇದನ್ನು ನಾವು ಸೌಕರ್ಯವೆನ್ನುವುದಿಲ್ಲ. ಇದು ಪ್ರಾಣದ ಮಾತು.

ಸರ್ಕಾರ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 2023ರ ಜೂನಿನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದೆ. ಎಷ್ಟೋ ಹುಡುಗಿಯರು ಹೋಬಳಿ ದಾಟಿ ಕಾಲೇಜಿಗೆ ಕಾಲಿಟ್ಟದ್ದು ಅದರಿಂದ. ಟಿಕೆಟ್ಟಿಲ್ಲದ ಬಸ್ಸು ಬಂತು, ಆದರೆ ಕಾಲೇಜಿನ ಗಂಟೆಗೆ ಸರಿಯಾದ ಬಸ್ಸು ಬರಲಿಲ್ಲ. ಒಂದೇ ಆವರಣದಲ್ಲಿ ಎಲ್‌ಕೆಜಿಯಿಂದ ಪಿಯುಸಿಯವರೆಗೆ ನಡೆಸುವ ಕರ್ನಾಟಕ ಪಬ್ಲಿಕ್ ಶಾಲೆಗಳೆಂಬ ಯೋಜನೆಯೂ ಬಂದಿದೆ. ಮೇಲ್ಮಟ್ಟಕ್ಕೆ ಒಳ್ಳೆಯದೆನಿಸಿದರೂ, ದೊಡ್ಡ ಶಾಲೆಯ ಹೆಸರಿನಲ್ಲಿ ಹಳ್ಳಿಯ ಚಿಕ್ಕ ಶಾಲೆ ಮುಚ್ಚಿದರೆ ಆರು ವರ್ಷದ ಮಗುವೂ ಬಸ್ಸು ಕಾಯುವವರ ಸಾಲಿಗೆ ಸೇರುತ್ತದೆಂಬುದನ್ನು ನಾವು ಮರೆಯಕೂಡದು.

ಕೋಚಿಂಗಿನ ಮೇಲೂ ಕೇಂದ್ರ ಶಿಕ್ಷಣ ಮಂತ್ರಾಲಯ 2024ರ ಜನವರಿಯಲ್ಲಿ ನಿಯಮಗಳ ಸೂಚನೆ ಹೊರಡಿಸಿತು. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಕೂಡದು, ಶಾಲೆಯ ಹೊತ್ತಿನಲ್ಲಿ ಕ್ಲಾಸು ನಡೆಸಕೂಡದು, ದಿನಕ್ಕೆ ಐದು ಗಂಟೆ ಮೀರಕೂಡದು, ತೀರ ಮುಂಜಾನೆ, ತೀರ ರಾತ್ರಿ ಕೂಡದು. ಕಾಗದದ ಮೇಲೆ ಬಹಳ ಚೆನ್ನಾಗಿದೆ. ನಮ್ಮ ಹುಡುಗಿಯ ದಿನಕ್ಕೆ ಇದನ್ನು ಹಚ್ಚಿ ನೋಡಿ. ಅವಳ ಟ್ಯೂಷನ್ನು ಶಾಲೆಯ ಹೊತ್ತಿನಲ್ಲಿಲ್ಲ, ಐದು ಗಂಟೆ ಮೀರಿಲ್ಲ; ಒಂದು ನಿಯಮವೂ ಮುರಿದಿಲ್ಲ, ಹುಡುಗಿ ಮಾತ್ರ ಹದಿನಾಲ್ಕು ಗಂಟೆ ಮನೆಯ ಹೊರಗೆ. ಕೋಚಿಂಗನ್ನು ಬರಿದೇ ನಿಷೇಧಿಸಿ ಎನ್ನುವವರ ಜೊತೆ ನಾವು ಸೇರಲಾರದ್ದು ಇದಕ್ಕೇ. ಪರೀಕ್ಷೆಯನ್ನು ಉಳಿಸಿಕೊಂಡು ಕೋಚಿಂಗನ್ನು ಮುಚ್ಚಿದರೆ ಬೆಂಗಳೂರಿನ ದೊಡ್ಡವರ ಮನೆಗೆ ಮೇಷ್ಟ್ರೇ ನಡೆದು ಬರುತ್ತಾರೆ. ಕೂಲಿಯವನ ಮಗಳಿಗೆ ಇದ್ದ ಒಂದು ಹರಕು ದಾರಿಯೂ ಮುಚ್ಚುತ್ತದೆ. ಬಡವರ ಮಕ್ಕಳು ಡಾಕ್ಟರಾಗುವ ಆಸೆ ಬಿಟ್ಟು ತೃಪ್ತಿಯಿಂದಿರಲಿ ಎಂಬ ಉಪದೇಶವನ್ನು ಹೊಟ್ಟೆ ತುಂಬಿದವರಿಂದ ಕೇಳಿ ಸಾಕಾಗಿದೆ.

ಒಂದೇ ಸರ್ಕಾರದ ಎರಡು ಕಚೇರಿಗಳು ಒಂದನ್ನೊಂದು ಮಾತಾಡಿಸದಿದ್ದರೆ ಏನಾಗುತ್ತದೆಂಬುದು 2024ರ ಏಪ್ರಿಲಿನ ಸಿಇಟಿಯಲ್ಲಿ ಬಯಲಾಯಿತು. ಪಿಯು ಪಠ್ಯದಿಂದ ತೆಗೆದುಹಾಕಿದ್ದ ಪಾಠಗಳಿಂದ ಪ್ರಶ್ನೆಗಳು ಬಂದವು. ಮಕ್ಕಳು, ಮೇಷ್ಟ್ರುಗಳು ಗಲಾಟೆ ಮಾಡಿದ ಮೇಲೆ 50 ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಡಲಾಯಿತು. ಆ ಪ್ರಶ್ನೆಗಳ ಮುಂದೆ ಕೂತು ಹೊತ್ತು ಕಳೆದುಕೊಂಡದ್ದು ಯಾರು? ಕಾಲೇಜಿನ ಪಾಠವನ್ನೇ ನಂಬಿಕೊಂಡು ಹೋದ ಮಗು. ಹಳೆಯ ಪುಸ್ತಕಗಳನ್ನೂ ಅರೆದು ಕುಡಿಸುವ ಕೋಚಿಂಗಿನ ಮಗುವಿಗೆ ಅವು ಹೊಸದಾಗಿರಲಿಲ್ಲ. ಸರ್ಕಾರಿ ಕಾಲೇಜಿನ ಪಾಠವನ್ನು ನಂಬಬೇಡಿ ಎಂದು ಸರ್ಕಾರದ ಪರೀಕ್ಷೆಯೇ ಹೇಳಿದಂತಾಯಿತು.

ಹಾಗಾದರೆ ಏನಾಗಬೇಕು? ಸಿಇಟಿ, ನೀಟ್‌ಗೆ ಬೇಕಾದ ಅಭ್ಯಾಸ ಸರ್ಕಾರಿ ಪಿಯು ಕಾಲೇಜಿನ ವೇಳಾಪಟ್ಟಿಯ ಒಳಗೆ ಬರಬೇಕು. ಬೆಳಿಗ್ಗೆಯೂ ಬೇಡ, ರಾತ್ರಿಯೂ ಬೇಡ, ಹಾಜರಿ ಪುಸ್ತಕದಲ್ಲಿ ಬರೆಯುವ ಪೀರಿಯಡ್ಡಾಗಿ ಬರಬೇಕು. ಅದಕ್ಕೆ ಹೊತ್ತೆಲ್ಲಿ ಎಂದು ಅಧಿಕಾರಿಗಳು ಕೇಳುತ್ತಾರೆ. ಹೊತ್ತು ಇದೆ, ಖಾಲಿ ಪೀರಿಯಡ್ಡುಗಳಲ್ಲಿ ಇದೆ. ಜೂನಿನಲ್ಲಿ ಕಾಲೇಜು ತೆರೆದು, ಅತಿಥಿ ಉಪನ್ಯಾಸಕರ ಆದೇಶ ಬರುವವರೆಗೆ ಗಣಿತದ ಕ್ಲಾಸಿನಲ್ಲಿ ಮಕ್ಕಳು ಗೋಡೆ ನೋಡಿಕೊಂಡು ಕೂರುವ ಕಾಲೇಜುಗಳು ಹಳ್ಳಿಗಾಡಿನಲ್ಲಿ ಎಷ್ಟಿಲ್ಲ? ಗಿರಣಿಯಲ್ಲಿ ಯಂತ್ರ ನಿಂತರೆ ಐದು ನಿಮಿಷದಲ್ಲಿ ಸೂಪರ್‌ವೈಸರ್ ಓಡಿ ಬರುತ್ತಾನೆ. ಕಾಲೇಜಿನಲ್ಲಿ ಪಾಠ ಎರಡು ತಿಂಗಳು ನಿಂತರೆ ಒಂದು ಕಾಗದವೂ ಓಡುವುದಿಲ್ಲ. ಖಾಯಂ ಹುದ್ದೆ ತುಂಬಿ, ತುಂಬುವವರೆಗೆ ಅತಿಥಿ ಉಪನ್ಯಾಸಕರನ್ನು ಮೇ ತಿಂಗಳಲ್ಲೇ ನೇಮಿಸಿ, ಅವರಿಗೆ ಬೇಸಿಗೆಯಲ್ಲೂ ಹೊಟ್ಟೆಗೆ ಹಿಟ್ಟು ಸಿಗುವಂತೆ ಮಾಡಿದರೆ, ಕೋಚಿಂಗಿಗೆ ಬೇಕಾದ ಹೊತ್ತು ಇದೇ ಆರೂವರೆ ಗಂಟೆಯಲ್ಲಿ ಹುಟ್ಟುತ್ತದೆ. ಪ್ರಯೋಗಶಾಲೆಯ ಬೀಗದ ಕೈ ವರ್ಷದ ಕೊನೆಯಲ್ಲಲ್ಲ, ಮೊದಲಲ್ಲೇ ಹೊರಗೆ ಬರಲಿ. ನೂರಕ್ಕೆ 30 ಅಂಕ ಅಲ್ಲಿದೆ, ಟ್ಯೂಷನ್ನಿನವರು ಅದನ್ನು ಕೊಡಲಾರರು.

ಕಾನೂನು ಈ ವಯಸ್ಸಿನವರ ಕೈಯನ್ನು ನಡುದಾರಿಯಲ್ಲಿ ಬಿಟ್ಟಿದೆ ಎಂಬುದೇ ಇದರ ಮೂಲ. 1951ರ ತೋಟ ಕಾರ್ಮಿಕರ ಕಾಯಿದೆ, ತೋಟದ ಮಾಲೀಕರಿಂದ ಶಾಲೆಯ ಸೌಕರ್ಯ ಕೇಳಿದ್ದು ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ. ಅದೂ ಅಂಥ ಮಕ್ಕಳು ಇಪ್ಪತ್ತೈದಕ್ಕಿಂತ ಹೆಚ್ಚಿದ್ದರೆ. 2009ರ ಶಿಕ್ಷಣ ಹಕ್ಕಿನ ಕಾಯಿದೆ ಆರರಿಂದ ಹದಿನಾಲ್ಕಕ್ಕೆ ತಂದು ನಿಲ್ಲಿಸಿತು. ಐವತ್ತೆಂಟು ವರ್ಷದಲ್ಲಿ ಎರಡು ವರ್ಷ ಮುಂದೆ ಹೋದೆವು. ಹದಿನೈದು, ಹದಿನಾರು, ಹದಿನೇಳರ ಮಗು ಯಾರ ಹಕ್ಕಿನೊಳಗೂ ಇಲ್ಲ. ಆ ವಯಸ್ಸಿನಲ್ಲೇ ಅದರ ಮುಂದಿನ ನಲವತ್ತು ವರ್ಷದ ದುಡಿಮೆ ಯಾವುದೆಂಬುದು ತೀರ್ಮಾನವಾಗುತ್ತದೆ. ಉಚಿತ ಶಿಕ್ಷಣದ ಹಕ್ಕು ಹದಿನೆಂಟರವರೆಗೆ ಬರಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಹಕ್ಕು ಎಂದಾದರೆ ಮೇಷ್ಟ್ರಿಲ್ಲದ ಪೀರಿಯಡ್ಡಿಗೂ ಯಾರಾದರೂ ಉತ್ತರ ಹೇಳಬೇಕಾಗುತ್ತದೆ.

ಅದು ವಿಧಾನಸೌಧದ, ಪಾರ್ಲಿಮೆಂಟಿನ ಕೆಲಸ, ತಡವಾದೀತು. ಊರಿನಲ್ಲೇ ಆಗುವ ಕೆಲಸವೊಂದಿದೆ. ಸರ್ಕಾರಿ ಪಿಯು ಕಾಲೇಜಿಗೊಂದು ಅಭಿವೃದ್ಧಿ ಸಮಿತಿ ಇರುತ್ತದೆ, ಸ್ಥಳೀಯ ಶಾಸಕರೇ ಅದರ ಅಧ್ಯಕ್ಷರು. ಅದು ಸೇರಿದಾಗ ಸುಣ್ಣ ಬಣ್ಣ, ಕಾಂಪೌಂಡಿನ ಮಾತು ನಡೆಯುತ್ತದೆ. ಮುಂದಿನ ಸಭೆಯ ದಿನ ಸಂಘದ ನಾಲ್ವರು, ಅಂಗಡಿ ಬೀದಿಯ ನಾಲ್ವರು, ಲೈನಿನ ತಾಯಂದಿರು ನಾಲ್ವರು ಹೋಗಿ, ಸ್ವಾಮಿ, ಕಾಲೇಜಿನ ವೇಳಾಪಟ್ಟಿಯ ಒಂದು ಪ್ರತಿ ಕೊಡಿ ಎಂದು ಕೇಳಬೇಕು. ಯಾವ ಪೀರಿಯಡ್ಡಿನ ಎದುರು ಮೇಷ್ಟ್ರ ಹೆಸರಿಲ್ಲವೋ ಅದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕಬೇಕು. ಅಲ್ಲಿಂದ ಬಸ್ ಡಿಪೋಗೆ ಹೋಗಿ ಬೆಳಗೋಡು ಕಡೆಯ ಬಸ್ಸುಗಳ ಹೊತ್ತನ್ನು ಬರೆದುಕೊಂಡು ಆ ಹಾಳೆಯ ಪಕ್ಕಕ್ಕೆ ಅಂಟಿಸಬೇಕು. ಎರಡೂ ಹಾಳೆಯ ಒಂದು ಪ್ರತಿ ಶಾಸಕರ ಕೈಗೆ ಹೋಗಲಿ, ಇನ್ನೊಂದನ್ನು ನಮಗೆ ಕಳಿಸಿ. ಯಾವ ಊರಿನದೇ ಆಗಲಿ, ಬಂದದ್ದನ್ನು ಬಂದ ಹಾಗೆ, ಕೆಂಪು ಗುರುತಿನ ಲೆಕ್ಕದ ಸಮೇತ ಈ ಪುಟದಲ್ಲಿ ಅಚ್ಚು ಹಾಕುತ್ತೇವೆ.